ಎರಡನೇ ಸೈಡಿಗೆ ಅಳತೆ ಟೇಪು ಹಚ್ಚಬ್ಯಾಡ್ರಿ

ಕಾರಿನ ಹಿಂದೆ ಎಳೆಯುವ ಕ್ಯಾಂಪಿಂಗ್ ಟ್ರೇಲರನ್ನು ನಾವೇ ಪ್ಲೈವುಡ್ಡಿನಲ್ಲಿ ಕಟ್ಟುವಾಗ ಅದರ ಎರಡು ಸೈಡುಗಳ ನಡುವೆ ಒಂದು ಸೂತ (ಸುಮಾರು 3 ಮಿ.ಮೀ.) ಹೆಚ್ಚುಕಡಿಮೆಯಾದರೆ ಕತ್ತರಿಸುವ ದಿನ ಗೊತ್ತಾಗುವುದಿಲ್ಲ. ಚಾವಣಿಯ ಅಡ್ಡಪಟ್ಟಿ ಕೂಡಿಸುವಾಗ ಗೊತ್ತಾಗುತ್ತದೆ. ಹಿಂದಿನ ಡಿಕ್ಕಿ ಬಾಗಿಲು ಮುಚ್ಚಿದರೆ ಒಂದು ಮೂಲೆ ಎದ್ದು ನಿಲ್ಲುತ್ತದೆ. ಧಾರವಾಡದ ಜಿಟಿಜಿಟಿ ಮಳೆಗೆ ಅಷ್ಟು ಸಂದಿ ಸಾಕು. ಆದ್ದರಿಂದ ಅಳತೆ ಮೊದಲ ಸೈಡಿಗೆ ಮಾತ್ರ. ಎರಡನೆಯದು ಅದರ ಪಡಿಯಚ್ಚು.

ಪ್ಲೈ ಶೀಟು ಎಂಟು-ನಾಕು ಅಡಿಯದು, ಅಂದರೆ 2440 × 1220 ಮಿ.ಮೀ. ಐಎಸ್ (ಭಾರತೀಯ ಮಾನಕ) 710 ಗುರುತಿನ ಮರೈನ್ ಪ್ಲೈ ಒಳ್ಳೆಯದು, ಕೈ ಬಿಗಿಯಿದ್ದರೆ ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ ಪ್ಲೈ). ಎಂಆರ್ (ತೇವವನ್ನಷ್ಟೇ ತಡೆಯುವ) ಪ್ಲೈ ಮನೆಯೊಳಗಿನ ಕಪಾಟಿಗೆ ಸರಿ, ಇದಕ್ಕಲ್ಲ. 18 ಮಿ.ಮೀ. ಶೀಟು ಸುಮಾರು 35 ಕಿಲೋ, 12ರದ್ದು ಸುಮಾರು 23. ಸಣ್ಣ ಕಾರು ಎಳೆಯುವುದಾದರೆ 12 ಸಾಕು. ಅಡ್ಡಪಟ್ಟಿ ಕೂಡುವ ಕಡೆಗಳಲ್ಲಿ ಒಳಗಿನಿಂದ ರೀಪು ಅಂಟಿಸಿ ದಪ್ಪ ಮಾಡಿಕೊಳ್ಳಿ. ತಂದ ಶೀಟನ್ನು ಗೋಡೆಗೆ ಆನಿಸಿದರೆ ವಾರದಲ್ಲಿ ಬಿಲ್ಲಾಗುತ್ತದೆ. ಮೂರು ರೀಪಿನ ಮೇಲೆ ಮಟ್ಟಸ ಮಲಗಿಸಿಡಿ.

ಶೀಟಿನ ಮೂಲೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಎರಡೂ ಕರ್ಣ ಅಳೆಯಿರಿ, ಸುಮಾರು 2728 ಮಿ.ಮೀ. ಬರಬೇಕು. ಎರಡರ ನಡುವೆ 3 ಮಿ.ಮೀ.ಗಿಂತ ಹೆಚ್ಚು ಫರಕು ಬಂದರೆ ಕೆಳಗಿನ ಉದ್ದ ಅಂಚೊಂದನ್ನೇ ಆಧಾರವಾಗಿ ಹಿಡಿದು, ಉಳಿದೆಲ್ಲವನ್ನೂ ಅದರಿಂದ ಗುಣ್ಯಾ (ಮೂಲೆಮಟ್ಟ) ಇಟ್ಟು ಎಳೆಯಿರಿ.

ಇನ್ನು ಸೈಡಿನ ಮೇಲಂಚಿನ ಬಾಗು. ಇದನ್ನು ಅಂದಕ್ಕೆಂದು ಎಳೆಯುವವರೇ ಹೆಚ್ಚು, ಆದರೆ ಅದು ಎಷ್ಟು ಬಿಗಿಯಾಗಬಹುದು ಎಂದು ಹೇಳುವುದು ಚಾವಣಿಯ ಪ್ಲೈ. 6 ಮಿ.ಮೀ. ಪ್ಲೈ ಮೇಲ್ಪದರದ ಮರದ ಎಳೆಗೆ ಅಡ್ಡಲಾಗಿ ಸುಮಾರು 2 ಅಡಿ ತ್ರಿಜ್ಯಕ್ಕೆ ಬಾಗುತ್ತದೆ. ಎಳೆಯ ಉದ್ದಕ್ಕೆ ಬಾಗಿಸಹೋದರೆ 5 ಅಡಿ ಬೇಕು. ಶೀಟಿನ ಎಳೆ ಸಾಮಾನ್ಯವಾಗಿ 8 ಅಡಿ ಉದ್ದಕ್ಕಿರುವುದರಿಂದ ಚಾವಣಿಗೆ ಅದನ್ನು ಉದ್ದ ಗಾಡಿಯ ಅಗಲಕ್ಕೆ ಬರುವಂತೆ ಅಡ್ಡಲಾಗಿಯೇ ಹಾಕಬೇಕು. ಗಾಡಿ 5 ಅಡಿ ಅಗಲವಿದ್ದರೆ ಒಂದೊಂದು ಶೀಟಿನಲ್ಲಿ 3 ಅಡಿ ಉಳಿಯುತ್ತದೆ, ಒಳಗಿನ ಕಪಾಟಿಗೆ ಆಯಿತು. ಮುಂದೆ ಹೇಳುವ ಆಕಾರದ ಬಾಗಿದ ಭಾಗ ಸುಮಾರು 3.3 ಮೀಟರ್, ಅಂದರೆ ಮೂರು ಶೀಟು.

ಮುಂದಿನ ತುದಿಯಿಂದ 610 ಮಿ.ಮೀ. ಒಳಗೆ, ಕೆಳಂಚಿನಿಂದ 595 ಎತ್ತರದಲ್ಲಿ ಒಂದು ಮೊಳೆ ಹೊಡೆಯಿರಿ. 610 ಅಂತರಕ್ಕೆ ಎರಡು ತೂತು ಹಾಕಿದ ರೀಪನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ತೂತಿನಲ್ಲಿ ಪೆನ್ಸಿಲ್ ಇಟ್ಟು ತಿರುಗಿಸಿದರೆ ಮುಂಭಾಗದ ಬಾಗು ಸಿದ್ಧ. ಅದರ ತಲೆಯಿಂದ 900ರವರೆಗೆ ಮೇಲಂಚು 1205 ಎತ್ತರದಲ್ಲಿ ನೇರ. ಅಲ್ಲಿಂದ ಹಿಂದಕ್ಕೆ ಮೊಳೆಗಳ ಎತ್ತರ ಹೀಗೆ (ಮೊದಲ ಅಂಕಿ ಮುಂದಿನ ತುದಿಯಿಂದ ದೂರ, ಎರಡನೆಯದು ಕೆಳಂಚಿನಿಂದ ಎತ್ತರ): 1200ಕ್ಕೆ 1185, 1500ಕ್ಕೆ 1122, 1800ಕ್ಕೆ 1006, 2100ಕ್ಕೆ 811, 2300ಕ್ಕೆ 590, ಕೊನೆಯ 2440ಕ್ಕೆ 150. ಈ ಮೊಳೆಗಳಿಗೆ ವೈರಿಂಗಿನ ಪಿವಿಸಿ ಪಟ್ಟಿ ಬಾಗಿಸಿ ಒತ್ತಿ ಗೆರೆ ಎಳೆಯಿರಿ. ಪಟ್ಟಿ ಎಲ್ಲಾದರೂ ಸೊಟ್ಟಗಾದರೆ ಆ ಮೊಳೆ ತಪ್ಪಿದೆ ಎಂದರ್ಥ, ಪಟ್ಟಿಯನ್ನು ಒತ್ತಿ ಸರಿಮಾಡಬೇಡಿ. ಈ ಬಾಗಿನಲ್ಲಿ ಎಲ್ಲೂ 2 ಅಡಿಗಿಂತ ಬಿಗಿ ತಿರುವಿಲ್ಲ.

ಗೆರೆಗಳೆಲ್ಲ ಶೀಟಿನ ಬೆನ್ನಿನ ಮೇಲಿರಲಿ, ಒಳ್ಳೆ ಮಾರಿ (ಚೆಂದದ ಮುಖ) ಕೆಳಗೆ. ಜಿಗ್‌ಸಾ (ಬಾಗು ಕತ್ತರಿಸುವ ವಿದ್ಯುತ್ ಗರಗಸ) ಬ್ಲೇಡಿನ ಹಲ್ಲು ಮೇಲೆ ಬರುವಾಗ ಕತ್ತರಿಸುತ್ತದೆ, ಸಿಬರು ಏಳುವುದು ಮೇಲಿನ ಮಾರಿಗೆ. ಸಣ್ಣ ಹಲ್ಲಿನ ಬ್ಲೇಡು ಹಾಕಿ, ಪೆಂಡುಲಮ್ (ಬ್ಲೇಡಿನ ಹಿಂದೆ-ಮುಂದೆ ಓಲಾಟ) ಸೊನ್ನೆಗೆ ಇಟ್ಟು, ಗೆರೆಯ ಹೊರಗೆ 3 ಮಿ.ಮೀ. ಬಿಟ್ಟು ಹೋಗಿ. ಉಳಿದದ್ದನ್ನು ಎರಡು ಅಡಿ ಹಲಗೆಗೆ ಪಾಲಿಶ್ ಪೇಪರ್ ಅಂಟಿಸಿ ಉಜ್ಜಿ ಗೆರೆಗೆ ತನ್ನಿ. ಗಿಡ್ಡ ತುಂಡಿನಲ್ಲಿ ಉಜ್ಜಿದರೆ ಅಂಚು ಅಲೆಅಲೆಯಾಗುತ್ತದೆ.

ಎರಡು ಶೀಟು ಜೋಡಿಸಿ ಒಂದೇ ಸಲ ಜಿಗ್‌ಸಾ ಹೊಡೆಯುವ ಆಸೆ ಬೇಡ. ದಪ್ಪ ಹೆಚ್ಚಾದಷ್ಟೂ ಬ್ಲೇಡಿನ ತುದಿ ಬಾಗಿನಲ್ಲಿ ಹೊರಕ್ಕೆ ಜಾರುತ್ತದೆ. ಮೇಲಿನದು ಗೆರೆಯಲ್ಲಿದ್ದರೂ ಕೆಳಗಿನದು ಎರಡು-ಮೂರು ಮಿ.ಮೀ. ತಪ್ಪಬಹುದು. ಬದಲಿಗೆ, ಎರಡನೇ ಶೀಟನ್ನೂ ಒಳ್ಳೆ ಮಾರಿ ಕೆಳಗೆ ಮಾಡಿ ಮಲಗಿಸಿ. ಮೊದಲ ಸೈಡನ್ನು ಒಳ್ಳೆ ಮಾರಿ ಮೇಲೆ ಮಾಡಿ ಅದರ ಮೇಲಿಟ್ಟು ಗೆರೆ ಹಾಕಿ, 3 ಮಿ.ಮೀ. ಬಿಟ್ಟು ಕತ್ತರಿಸಿ. ಆಮೇಲೆ ಮೊದಲ ಸೈಡನ್ನು ಹಾಗೆಯೇ ಎರಡನೆಯದರ ಅಡಿಗೆ ಸರಿಸಿದರೆ ಮಾರಿಗೆ ಮಾರಿ ಕೂಡುತ್ತವೆ. ಕ್ಲಾಂಪ್ ಬಿಗಿದು, ತುದಿಯಲ್ಲಿ ಬೇರಿಂಗ್ ಇರುವ ಟ್ರಿಮ್ಮಿಂಗ್ ಬಿಟ್ ಹಾಕಿ ರೂಟರನ್ನು (ಅಂಚು ಸವರುವ ವಿದ್ಯುತ್ ಯಂತ್ರ) ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತ ನಡೆಸಿ. ಬೇರಿಂಗ್ ಮೊದಲ ಸೈಡಿನ ಮೇಲೆ ಉರುಳುತ್ತದೆ, ಎರಡನೆಯದು ಅದೇ ಆಗಿ ಬರುತ್ತದೆ. ಹೀಗೆ ಮಾಡಿದರೆ ಎರಡೂ ಎಡದ ಸೈಡಾಗುವ ಪ್ರಸಂಗವೂ ತಪ್ಪುತ್ತದೆ. ನಗಬೇಡಿ, ಶೀಟು ಹಾಳಾಗುವುದು ಹೆಚ್ಚಾಗಿ ಹಾಗೆಯೇ.

ಸೈಡಿನಲ್ಲಿ ಕೊರೆಯುವ ಬಾಗಿಲಿನ ಮೂಲೆಗೆ ಕನಿಷ್ಠ 75 ಮಿ.ಮೀ. ತ್ರಿಜ್ಯ ಕೊಡಿ. ಚೂಪು ಮೂಲೆಯಿದ್ದರೆ ರಸ್ತೆಯ ಕುಲುಕಿಗೆ ಅಲ್ಲಿಂದಲೇ ಸೀಳು ಬಿಡುತ್ತದೆ. ಬಾಗಿಲಿಗೂ ಹೊರ ಅಂಚಿಗೂ ನಡುವೆ 100 ಮಿ.ಮೀ. ಉಳಿಯಲಿ. ಕೊರೆದು ತೆಗೆದ ತುಂಡೇ ಬಾಗಿಲಾಗುವುದಾದರೆ ಗೆರೆಯ ಮೇಲೇ ನಿಧಾನ ಕತ್ತರಿಸಬೇಕು; ಇಲ್ಲಿ ಬಿಟ್ಟು ಕತ್ತರಿಸಲು ಜಾಗವಿಲ್ಲ. ರಬ್ಬರ್ ಬೀಡಿಂಗಿಗೆ ಬೇಕಾದ ಸಂದಿಯನ್ನು ಆಮೇಲೆ ತುಂಡನ್ನು ಉಜ್ಜಿ ಮಾಡಿಕೊಳ್ಳಿ.

ಕತ್ತರಿಸಿದ ದಿನವೇ ಅಂಚಿಗೆ ತೆಳುವಾದ ಎಪಾಕ್ಸಿ ಅಥವಾ ಪ್ರೈಮರ್ ಹಚ್ಚಿ, ಹೀರಿಕೊಂಡಂತೆ ಮೂರು ಸಲ. ನೀರು ಪ್ಲೈ ಒಳಗೆ ಹೋಗುವುದು ಮಾರಿಯಿಂದ ಕಡಿಮೆ, ಅಂಚಿನಿಂದ ಹೆಚ್ಚು. ಅಂಚಿನಲ್ಲಿ ಒಳಪದರದ ಪೊಳ್ಳು ಕಂಡರೆ ಎಪಾಕ್ಸಿಯಲ್ಲಿ ಮರದ ಪುಡಿ ಕಲಸಿ ತುಂಬಿ, ಇಲ್ಲದಿದ್ದರೆ ಅಲ್ಲಿ ಸ್ಕ್ರೂ ಹಿಡಿಯುವುದಿಲ್ಲ.

ಇನ್ನೊಂದು ಮಾತು, ಗರಗಸ ಮುಟ್ಟುವ ಮುಂಚಿನದು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರೂ ಮೋಟಾರು ವಾಹನವೇ. ಆದ್ದರಿಂದ ಕೆಎ-25 (ಧಾರವಾಡ) ಇರಲಿ, ಕೆಎ-63 (ಹುಬ್ಬಳ್ಳಿ) ಇರಲಿ, ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಚಾಸಿಯ (ಗಾಡಿಯ ಕೆಳಚೌಕಟ್ಟಿನ) ಅಳತೆ ಕೇಳಿಕೊಂಡೇ ಪ್ಲೈ ತನ್ನಿ.