ಚೀಲದೊಳಗೆ ಬಂದದ್ದು ಕೋಶದೊಳಗೆ ಬಂದ ಹಾಗಲ್ಲ

ಗ್ಲೂಕೋಸ್, ಅಯಾನುಗಳಂಥ ಸಣ್ಣವಕ್ಕೆ ಕೋಶಪೊರೆಯಲ್ಲಿ ಪ್ರೋಟೀನ್ ಬಾಗಿಲುಗಳಿವೆ. ಕೊಲೆಸ್ಟರಾಲ್ ಹೊತ್ತ ಎಲ್‌ಡಿಎಲ್ ಕಣ, ಇಡೀ ಬ್ಯಾಕ್ಟೀರಿಯಾ ಅಲ್ಲಿ ಹಿಡಿಯುವುದಿಲ್ಲ. ಅಂಥವಕ್ಕೆ ಕೋಶ ತನ್ನ ಪೊರೆಯನ್ನೇ ಮಡಚಿ ಪುಟ್ಟ ಚೀಲ ಮಾಡುತ್ತದೆ. ಇದೇ ವೆಸಿಕಲ್. ಒಳಕ್ಕೆ ತಂದರೆ ಎಂಡೋಸೈಟೋಸಿಸ್, ಹೊರಕ್ಕೆ ಬಿಟ್ಟರೆ ಎಕ್ಸೋಸೈಟೋಸಿಸ್. ಎರಡಕ್ಕೂ ಶಕ್ತಿ ಬೇಕು.

ಎಂಡೋಸೈಟೋಸಿಸ್‌ನ ಬಗೆಗಳು ಸುಲಭ. ಮೊದಲೆರಡು ಫ್ಯಾಗೋಸೈಟೋಸಿಸ್, ಪಿನೋಸೈಟೋಸಿಸ್. ಗ್ರೀಕ್‌ನಲ್ಲಿ ಫ್ಯಾಗೋ ಅಂದ್ರೆ ತಿನ್ನು, ಪಿನೋ ಅಂದ್ರೆ ಕುಡಿ. ಮೂರನೆಯದು ರಿಸೆಪ್ಟರ್, ಅಂದ್ರೆ ಬೇಕಾದ ವಸ್ತುವನ್ನು ಗುರುತಿಸಿ ಹಿಡಿಯುವ ಪೊರೆಯ ಪ್ರೋಟೀನ್, ಹಿಡಿದು ತರುವುದು. ಇದರಲ್ಲೇ ನಾನು ಜಾರಿಬಿದ್ದೆ.

ಟೆಸ್ಟ್‌ನಲ್ಲಿ ವೆಸಿಕಲ್ ಬಿಡಿಸಿ, ರಿಸೆಪ್ಟರ್‌ನ ತಲೆಯನ್ನು (ಎಲ್‌ಡಿಎಲ್ ಹಿಡಿಯುವ ತುದಿಯನ್ನು) ಸೈಟೋಪ್ಲಾಸಂ, ಅಂದ್ರೆ ಕೋಶದೊಳಗಿನ ದ್ರವದ ಕಡೆಗೆ ತಿರುಗಿಸಿಬಿಟ್ಟಿದ್ದೆ. 'ಕೋಶದೊಳಗೆ ಬಂತಲ್ವಾ, ಈ ಕಡೆಗೇ ಇರಬೇಕು' ಅನ್ನೋ ಲೆಕ್ಕ. ಪೂರ್ತಿ ತಪ್ಪು! ಎರಡು ಪೆನ್ ಹಿಡಿದು ಕೂತ ಮೇಲೆ ಅರ್ಥವಾಯಿತು. ಪೊರೆಯ ಹೊರಮೈಗೆ ಕೆಂಪು, ಒಳಮೈಗೆ ನೀಲಿ. ಈಗ ಪೊರೆಯನ್ನು ಒಳಕ್ಕೆ ತಗ್ಗಿಸಿ. ಗುಂಡಿಯ ಒಳಗೋಡೆ ಯಾವ ಬಣ್ಣ? ಕೆಂಪು. ಬಾಯಿ ಮುಚ್ಚಿ ಚೀಲವಾದರೂ ಒಳಗೋಡೆ ಕೆಂಪೇ. ಅಂದ್ರೆ ಚೀಲದೊಳಗಿನ ಜಾಗ ಲೆಕ್ಕಕ್ಕೆ ಕೋಶದ ಹೊರಗು. ರಿಸೆಪ್ಟರ್ ತಲೆ ಚೀಲದೊಳಕ್ಕೇ ಮುಖ ಮಾಡಿರುತ್ತದೆ. ಎಲ್‌ಡಿಎಲ್ ಇನ್ನೂ ಪೊರೆ ದಾಟಿಯೇ ಇಲ್ಲ! ನೀವೂ ಒಮ್ಮೆ ಬಿಡಿಸಿ ನೋಡಿ, ಸುಮ್ನೆ ಓದಿದರೆ ತಲೆಗೆ ಹೋಗಲ್ಲ.

ಹಾಗಾದರೆ ದಾಟುವುದು ಯಾವಾಗ? ಗುಂಡಿಯ ಕೆಳಗೆ, ಅಂದ್ರೆ ನೀಲಿ ಬದಿಗೆ, ಮೂರು ಕಾಲಿನ ಕ್ಲಾಥ್ರಿನ್ ಪ್ರೋಟೀನ್‌ಗಳು ಜಾಲ ಹೆಣೆಯುತ್ತವೆ. ಚೀಲದ ಕುತ್ತಿಗೆಯನ್ನು ಡೈನಮಿನ್ ಎಂಬ ಪ್ರೋಟೀನ್ ಹಿಸುಕಿ ತುಂಡರಿಸುತ್ತದೆ. ಮುಂದೆ ಎಂಡೋಸೋಮ್, ಒಳಬಂದ ಸರಕನ್ನು ವಿಂಗಡಿಸುವ ಚೀಲ. ಅಲ್ಲಿ ಪಿಎಚ್ ಸುಮಾರು 6. ಆ ಹುಳಿಗೆ ರಿಸೆಪ್ಟರ್‌ನ ಹಿಡಿತ ಸಡಿಲುತ್ತದೆ, ಅದು ಖಾಲಿಯಾಗಿ ಮೇಲಕ್ಕೆ ವಾಪಸ್. ಎಲ್‌ಡಿಎಲ್ ಮಾತ್ರ ಲೈಸೋಸೋಮ್ ಎಂಬ ಜೀರ್ಣಿಸುವ ಚೀಲಕ್ಕೆ ಹೋಗಿ ಚೂರಾಗುತ್ತದೆ. ಪೊರೆ ದಾಟುವುದು ಆ ಚೂರುಗಳು: ಅಮೈನೋ ಆಮ್ಲ, ಕೊಲೆಸ್ಟರಾಲ್. ಇಡೀ ಕಣ ದಾಟುವುದೇ ಇಲ್ಲ. ಈ ಎಲ್‌ಡಿಎಲ್ ದಾರಿ ಹುಡುಕಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್‌ಗೆ 1985ರಲ್ಲಿ ನೊಬೆಲ್ ಬಂತು.

ಎಕ್ಸೋಸೈಟೋಸಿಸ್ ಇದನ್ನೇ ತಿರುಗಿಸಿದ ಹಾಗೆ. ಇನ್ಸುಲಿನ್ ತುಂಬಿದ ಚೀಲ ಕಾಯುತ್ತಿರುತ್ತದೆ, ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ, ಸ್ನೇರ್ ಪ್ರೋಟೀನ್‌ಗಳು ಹಗ್ಗದಂತೆ ಹೊಸೆದುಕೊಂಡು ಎರಡು ಪೊರೆಗಳನ್ನು ಬೆಸೆಯುತ್ತವೆ. ಬಣ್ಣದ ಲೆಕ್ಕ ಇಲ್ಲೂ ಅದೇ. ಚೀಲದ ಕೆಂಪು ಒಳಗೋಡೆ ಕೋಶದ ಹೊರಮೈಯಾಗುತ್ತದೆ.

ಈ ಲೆಕ್ಕಕ್ಕೆ ಒಬ್ಬ ಕಳ್ಳನಿದ್ದಾನೆ, ಡಿಫ್ತೀರಿಯಾ ವಿಷ. ರಿಸೆಪ್ಟರ್ ಹಿಡಿದು ಚೀಲ ಸೇರುತ್ತದೆ. ಎಂಡೋಸೋಮ್ ಹುಳಿಯಾದ ಕೂಡಲೇ ಆಕಾರ ಬದಲಿಸಿ, ತನ್ನ ಒಂದು ತುಂಡನ್ನು ನಿಜವಾಗಿಯೂ ಪೊರೆ ದಾಟಿಸಿ ಸೈಟೋಪ್ಲಾಸಂಗೆ ತೂರಿಸುತ್ತದೆ.