ಮಣ್ಣು, ನೀರಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿದ ದಾರಿ

1970ರ ನಡುಭಾಗ. ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಬೇರೆ ಕಾಯಿಲೆಗೆಂದು ಸೇರಿದ್ದವರಿಗೆ ಇದ್ದಕ್ಕಿದ್ದಂತೆ ಚಳಿಜ್ವರ ಬರತೊಡಗಿತು. ಎಲ್ಲರಿಗೂ ಡ್ರಿಪ್ ಹಾಕಲಾಗಿತ್ತು. ರಕ್ತವನ್ನು ಕಲ್ಚರ್ ಮಾಡಿದಾಗ, ಅಂದರೆ ಅದರಲ್ಲಿದ್ದ ಜೀವಿಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದಾಗ, ಸಿಕ್ಕಿದ್ದು ಎಂಟರೋಬ್ಯಾಕ್ಟರ್ ಗುಂಪಿನ ಎರಡು ಬ್ಯಾಕ್ಟೀರಿಯಾ. ಅದರಲ್ಲಿ ಒಂದಂತೂ ಗಿಡಗಳ ಎಲೆಯ ಮೇಲೆ ಬದುಕುವಂಥದ್ದು. ಅದು ರೋಗಿಯ ರಕ್ತಕ್ಕೆ ಹೇಗೆ ಬಂತು?

ಹುಡುಕುತ್ತಾ ಹೋದವರು ಕೊನೆಗೆ ಬಂದು ನಿಂತದ್ದು ಗ್ಲೂಕೋಸ್ ಬಾಟಲಿಯ ಮುಚ್ಚಳದ ಹತ್ತಿರ. ಮುಚ್ಚಳದ ಒಳಗಿನ ಬಿಲ್ಲೆಯನ್ನು ಕಂಪನಿ ಆಗಷ್ಟೇ ಬದಲಿಸಿತ್ತು. ಬ್ಯಾಕ್ಟೀರಿಯಾ ಅಲ್ಲೇ ಉಳಿದುಕೊಂಡಿದ್ದವು. ಮುಚ್ಚಳ ತಿರುಗಿಸಿದಾಗ ಒಂದಷ್ಟು ದ್ರವಕ್ಕೆ ಬೀಳುತ್ತಿದ್ದವು. ಗ್ಲೂಕೋಸ್ ನೀರಿನಲ್ಲಿ ಎಷ್ಟೋ ಬ್ಯಾಕ್ಟೀರಿಯಾ ಬೆಳೆಯಲಾರವು, ಇವು ಮಾತ್ರ ಸಲೀಸಾಗಿ ಬೆಳೆದವು. ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷ ಇದ್ದರೂ ದ್ರವ ತಿಳಿಯಾಗಿಯೇ ಇರುತ್ತಿತ್ತು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ ನರ್ಸ್‌ಗೂ ಏನೂ ಕಾಣುವಂತಿರಲಿಲ್ಲ. 1971ರ ಏಪ್ರಿಲ್ ಹೊತ್ತಿಗೆ 25 ಆಸ್ಪತ್ರೆಗಳಲ್ಲಿ 378 ಜನರ ರಕ್ತಕ್ಕೆ ನಂಜು ಏರಿತ್ತು. ಬಾಟಲಿಗಳನ್ನು ವಾಪಸ್ ಪಡೆದ ಮೇಲೆ ಜ್ವರದ ಪ್ರಕರಣಗಳೂ ಇಳಿದವು.

ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದೇ ವಿಷಯ. ಅದೇ ರೋಗಿಗಳಲ್ಲಿ ಇ.ಕೋಲೈ ಸಿಕ್ಕಿದ್ದರೆ ಯಾರೂ ಅನುಮಾನಪಡುತ್ತಿರಲಿಲ್ಲವೇನೋ. ಅದು ಎಲ್ಲ ಆಸ್ಪತ್ರೆಯಲ್ಲೂ ದಿನಾ ಕಾಣುವ ಹೆಸರು. ಅಪರೂಪದ ಹೆಸರು ಎರಡು ಸಲ ಬಂದರೆ ಮಾತ್ರ ‘ಇವರಿಬ್ಬರಿಗೂ ಒಂದೇ ಕಡೆಯಿಂದ ಬಂದಿರಬೇಕು ಅಲ್ವಾ?’ ಎಂಬ ಪ್ರಶ್ನೆ ಏಳುತ್ತದೆ.

ಆದರೆ ಇಂಥ ಹೆಸರುಗಳನ್ನು ಬಹಳ ಕಾಲ ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಸೆರೇಶಿಯಾ ಎಂಬ ಬ್ಯಾಕ್ಟೀರಿಯಾವನ್ನೇ ನೋಡಿ. 1819ರಲ್ಲಿ ಇಟಲಿಯ ಪಡುವಾ ಹತ್ತಿರ ಮೆಕ್ಕೆಜೋಳದ ಹಿಟ್ಟಿನ ಅಡುಗೆ ರಾತ್ರೋರಾತ್ರಿ ರಕ್ತದಂತೆ ಕೆಂಪಾಗಿ ಜನ ಹೆದರಿದ್ದರು. ಅದಕ್ಕೆ ಕಾರಣವಾದ ಜೀವಿಯನ್ನು ಬಾರ್ಟೊಲೊಮಿಯೊ ಬಿಜಿಯೊ ಗುರುತಿಸಿ ಹೆಸರಿಟ್ಟರು. ಬಣ್ಣ ಎದ್ದು ಕಾಣುತ್ತದೆ, ತೊಂದರೆ ಕೊಡುವುದಿಲ್ಲ ಎಂಬ ನಂಬಿಕೆಯಿಂದ ಮುಂದೆ ಅದನ್ನು ಪ್ರಯೋಗಗಳಿಗೆ ಧಾರಾಳವಾಗಿ ಬಳಸಿದರು. 1950ರಲ್ಲಿ ಅಮೆರಿಕದ ನೌಕಾಪಡೆ ಸ್ಯಾನ್ ಫ್ರಾನ್ಸಿಸ್ಕೊ ತೀರದಲ್ಲಿ ಅದನ್ನೇ ಗಾಳಿಗೆ ಸಿಂಪಡಿಸಿತು. ಅದರ ಬೆನ್ನಿಗೇ ಅಲ್ಲಿನ ಒಂದು ಆಸ್ಪತ್ರೆಯಲ್ಲಿ 11 ರೋಗಿಗಳಿಗೆ ಸೆರೇಶಿಯಾ ಸೋಂಕು ಕಂಡಿತು. ಒಬ್ಬರು ಸತ್ತರು. ಸಿಂಪಡಣೆಗೂ ಸೋಂಕಿಗೂ ನಂಟು ಸಾಬೀತಾಗಲಿಲ್ಲ. ‘ನಿರಪಾಯ’ ಎಂಬ ಮಾತು ಮಾತ್ರ ಸುಳ್ಳಾಗಿತ್ತು.

ಈರುಳ್ಳಿ ಕೊಳೆಸುವ ಬ್ಯಾಕ್ಟೀರಿಯಾದ ಕಥೆಯೂ ಹೀಗೇ. ಅದೇ 1950ರಲ್ಲಿ ವಾಲ್ಟರ್ ಬರ್ಕ್‌ಹೋಲ್ಡರ್ ಅದನ್ನು ಬೆಳೆಯ ರೋಗವೆಂದು ವಿವರಿಸಿದ್ದರು. ಈಗ ಅದರ ಹೆಸರು ಬರ್ಕ್‌ಹೋಲ್ಡೇರಿಯಾ ಸೆಪೇಶಿಯಾ. ಸೋಂಕು ತಡೆಯಲೆಂದೇ ಬಳಸುವ ಆಂಟಿಸೆಪ್ಟಿಕ್ ದ್ರವದಲ್ಲೂ ಅದು ಬದುಕಬಲ್ಲದು. ಚರ್ಮ ಒರೆಸುವ ಔಷಧದಲ್ಲೇ ಅದು ಕೂತಿರುವುದೂ ಉಂಟು.

ಈ ಜೀವಿಗಳು ನಲ್ಲಿ, ಸಿಂಕು, ಮಣ್ಣು ಎಲ್ಲ ಕಡೆ ಮೊದಲಿಂದಲೂ ಇವೆ. ಗಟ್ಟಿಮುಟ್ಟಾದ ಮೈಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಜಾಸ್ತಿ ಬದಲಾಗಿದ್ದು ಚಿಕಿತ್ಸೆ. ವಾರಗಟ್ಟಲೆ ದೊಡ್ಡ ರಕ್ತನಾಳದಲ್ಲಿ ಇರುವ ನಳಿಕೆ, ಡಯಾಲಿಸಿಸ್, ಕೀಮೋಥೆರಪಿ, ರಕ್ತನಾಳದ ಮೂಲಕವೇ ಕೊಡುವ ಆಹಾರ. ಇವುಗಳಿಂದ ಎಷ್ಟೋ ಜೀವ ಉಳಿದಿದೆ. ಜೊತೆಗೆ ಚರ್ಮವನ್ನು ದಾಟಿ ನೇರ ರಕ್ತಕ್ಕೆ ಹೋಗುವ ಬಾಗಿಲೂ ತೆರೆದಿದೆ. ನಳಿಕೆಯ ಒಳಗೋಡೆಗೆ ಇವು ಲೋಳೆಯಂಥ ಪದರ ಕಟ್ಟಿ ಕೂತರೆ ಆಂಟಿಬಯಾಟಿಕ್ ಅಲ್ಲಿಗೆ ಸರಿಯಾಗಿ ತಾಕುವುದಿಲ್ಲ. ಹಾಗಾಗಿ ನಳಿಕೆಯನ್ನೇ ತೆಗೆಯಬೇಕಾಗುತ್ತದೆ. 2011ರಲ್ಲಿ ಅಲಬಾಮಾದಲ್ಲಿ ರಕ್ತನಾಳಕ್ಕೆ ಕೊಡುವ ಆಹಾರದ ಚೀಲಗಳಿಂದ 19 ಜನರಿಗೆ ಸೆರೇಶಿಯಾ ತಗುಲಿ 9 ಮಂದಿ ಸತ್ತರು. ಚೀಲ ತಯಾರಿಸುತ್ತಿದ್ದ ಔಷಧಾಲಯದ ಒಂದು ನಲ್ಲಿಯಲ್ಲೂ ಅದೇ ಬ್ಯಾಕ್ಟೀರಿಯಾ ಇತ್ತು.

ಎಲ್ಲ ಸಲವೂ ಮೂಲ ಸಿಗುವುದಿಲ್ಲ. 2015–16ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಎಲಿಜಬೆತ್‌ಕಿಂಗಿಯಾ ಎಂಬ ಬ್ಯಾಕ್ಟೀರಿಯಾ 63 ಜನರಲ್ಲಿ ಖಚಿತವಾಯಿತು. ಹೆಚ್ಚಿನವರು 65 ದಾಟಿದವರು, ಹೆಚ್ಚಿನವರಿಗೆ ಸೋಂಕು ರಕ್ತದಲ್ಲೇ ಇತ್ತು. 18 ಜನ ತೀರಿಕೊಂಡರು. ಎಷ್ಟು ಹುಡುಕಿದರೂ ಅದು ಎಲ್ಲಿಂದ ಬಂತೆಂದು ಗೊತ್ತಾಗಲೇ ಇಲ್ಲ.

2021ರಲ್ಲಿ ಮತ್ತೆ ಅಂಥದ್ದೇ ಒಗಟು. ಅಮೆರಿಕದ ನಾಲ್ಕು ಬೇರೆ ಬೇರೆ ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಬಂತು. ಬಿಸಿ ನಾಡುಗಳ ಒದ್ದೆ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾದ ಕಾಯಿಲೆ ಅದು. ನಾಲ್ವರಲ್ಲಿ ಯಾರೂ ಹೊರದೇಶಕ್ಕೆ ಹೋಗಿರಲಿಲ್ಲ. ಆ ಬ್ಯಾಕ್ಟೀರಿಯಾಗಳ ಜೀನೋಮ್ (ಪೂರ್ತಿ ಡಿಎನ್‌ಎ) ಹೋಲಿಸಿದಾಗ ನಾಲ್ಕೂ ಒಂದೇ ತಳಿ, ಅದೂ ದಕ್ಷಿಣ ಏಷ್ಯಾದ ಕಡೆಯದು ಎಂದು ತಿಳಿಯಿತು. ಮನೆಗಳ ಮಣ್ಣು, ನೀರು, ಸಾಮಾನು ಎಲ್ಲ ಪರೀಕ್ಷೆಯಾಯಿತು. ಕೊನೆಗೆ ಅಕ್ಟೋಬರ್‌ನಲ್ಲಿ ಜಾರ್ಜಿಯಾದ ಒಂದು ಮನೆಯಲ್ಲಿ ಸಿಕ್ಕಿದ್ದು ಭಾರತದಲ್ಲಿ ತಯಾರಾದ, ಕೋಣೆಗೆ ಸುವಾಸನೆ ಸಿಂಪಡಿಸುವ ಒಂದು ಪುಟ್ಟ ಬಾಟಲಿ. ಅದರೊಳಗೆ ಅದೇ ಬ್ಯಾಕ್ಟೀರಿಯಾ ಇತ್ತು. ಅಷ್ಟರಲ್ಲಿ ನಾಲ್ವರಲ್ಲಿ ಇಬ್ಬರು ತೀರಿಕೊಂಡಿದ್ದರು. ಅವರಲ್ಲಿ ಒಂದು ಮಗುವೂ ಇತ್ತು.