ಇಲ್ಲದ ಊರಿನ ಮೇಲೆ ಬಾಂಬು

2015ರ ಡಿಸೆಂಬರಿನಲ್ಲಿ ಅಮೆರಿಕದ ಸಮೀಕ್ಷಾ ಸಂಸ್ಥೆಯೊಂದು ಮತದಾರರನ್ನು ಕೇಳಿತು: ಅಗ್ರಬಾ ಮೇಲೆ ಬಾಂಬ್ ಹಾಕಬೇಕೇ? ರಿಪಬ್ಲಿಕನ್ನರಲ್ಲಿ ಶೇ 30 ಮಂದಿ ಹಾಕಬೇಕು ಎಂದರು, ಶೇ 13 ಮಂದಿ ಬೇಡ ಎಂದರು. ಡೆಮಾಕ್ರಟರಲ್ಲಿ ಬೇಕೆಂದವರು ಶೇ 19, ಬೇಡವೆಂದವರು ಶೇ 36. ಅಗ್ರಬಾ ಇರುವುದು ಡಿಸ್ನಿಯ ಕಾರ್ಟೂನ್ ಚಿತ್ರದಲ್ಲಿ! ಜಗತ್ತು ನಕ್ಕಿದ್ದು ಆ ಶೇ 30 ಮಂದಿಯನ್ನು ನೋಡಿ. ನನಗೆ ಕುತೂಹಲ ಶೇ 36ರ ಬಗ್ಗೆ. ಬಾಂಬ್ ಬೇಡ ಅಂದವರಲ್ಲೂ ಎಷ್ಟು ಮಂದಿಗೆ ಊರೇ ಇಲ್ಲವೆಂದು ಗೊತ್ತಿತ್ತೋ?

ಅಭಿಪ್ರಾಯ ತಲೆಯೊಳಗೆ ಸಿದ್ಧವಾಗಿ ಕೂತಿರುತ್ತದೆ, ಸಮೀಕ್ಷೆ ಅದನ್ನು ಥರ್ಮಾಮೀಟರಿನಂತೆ ಅಳೆಯುತ್ತದೆ ಎಂಬುದು ನಮ್ಮ ಮೂಢನಂಬಿಕೆಗಳಲ್ಲೊಂದು. ದೂರದ ಯುದ್ಧದ ವಿಷಯದಲ್ಲಂತೂ ಎಷ್ಟೋ ಉತ್ತರಗಳು ಹುಟ್ಟುವುದೇ ಪ್ರಶ್ನೆ ಕಿವಿಗೆ ಬಿದ್ದ ಮೇಲೆ. ಪಾಠ ಓದದ ಹುಡುಗ ಪ್ರಶ್ನೆಪತ್ರಿಕೆಯ ಪದಗಳನ್ನೇ ಹಿಂದುಮುಂದು ಮಾಡಿ ಅರ್ಧ ಪುಟ ತುಂಬಿಸುವುದಿಲ್ಲವೇ, ಹಾಗೆ. ಅಥವಾ ಖಾಲಿ ಗುಹೆಗೆ ಕೂಗಿ, ಒಳಗಿನಿಂದ ಯಾರೋ ಓಗೊಟ್ಟರು ಅಂದುಕೊಂಡ ಹಾಗೆ. ಪದ ಬದಲಿಸಿ, ಪ್ರತಿಧ್ವನಿಯೂ ಬದಲಾಗುತ್ತದೆ. 2003ರ ಜನವರಿಯಲ್ಲಿ ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ ಇರಾಕ್ ಮೇಲಿನ ಸೇನಾ ಕಾರ್ಯಾಚರಣೆಗೆ ಶೇ 68ರಷ್ಟು ಒಪ್ಪಿಗೆ ಸಿಕ್ಕಿತು. ‘ಸಾವಿರಾರು ಅಮೆರಿಕನ್ ಸೈನಿಕರು ಸಾವುನೋವಿಗೆ ಈಡಾಗಬಹುದಾದರೂ’ ಎಂದು ಸೇರಿಸಿದ ಕೂಡಲೇ ಅದು ಶೇ 43ಕ್ಕೆ ಇಳಿಯಿತು. ಯುದ್ಧದಲ್ಲಿ ಜನ ಸಾಯುತ್ತಾರೆ ಎಂಬುದನ್ನೂ ನೆನಪಿಸಬೇಕಾಯಿತು ನೋಡಿ.

ಸಮೀಕ್ಷಾ ವಿಜ್ಞಾನ ಕಣ್ಣುಬಿಟ್ಟಿದ್ದೇ ಬೇರೊಂದು ಏಟು ತಿಂದು. 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 23 ಲಕ್ಷಕ್ಕೂ ಹೆಚ್ಚು ಉತ್ತರ ಕಲೆಹಾಕಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46 ಎದುರಾಳಿ ರೂಸ್‌ವೆಲ್ಟ್ ಪಾಲಾದವು. ಫೋನು, ಕಾರು ಇದ್ದವರ, ಅಂದರೆ ಆ ಕಾಲದ ಉಳ್ಳವರ, ಪಟ್ಟಿಯನ್ನು ಹೆಚ್ಚಾಗಿ ನೆಚ್ಚಿಕೊಂಡು ಚೀಟಿ ಕಳಿಸಿದ್ದೂ ಇದಕ್ಕೊಂದು ಕಾರಣ. ಅಂದಿನಿಂದ ಯಾರನ್ನು ಕೇಳಬೇಕು ಎಂಬ ಗಣಿತ ಬಹಳ ಪಳಗಿದೆ. ಕೇಳಿಸಿಕೊಂಡವರಿಗೆ ವಿಷಯ ಗೊತ್ತೇ ಎಂಬುದು ಆ ಗಣಿತದ ತಲೆನೋವೇ ಅಲ್ಲ. ಸಮೀಕ್ಷೆಯ ಫಲಿತಾಂಶದ ಜೊತೆ ಬರುವ ‘ಶೇ 3ರಷ್ಟು ಹೆಚ್ಚುಕಡಿಮೆ’ ಎಂಬ ಷರಾ ಅಜ್ಞಾನವನ್ನು ಅಳೆಯುವುದಿಲ್ಲ.

ಅದನ್ನೂ ಅಳೆದವರಿದ್ದಾರೆ. 2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ಕಬಳಿಸಿದ ಬೆನ್ನಿಗೇ ಮೂವರು ರಾಜ್ಯಶಾಸ್ತ್ರಜ್ಞರು 2,066 ಅಮೆರಿಕನ್ನರ ಮುಂದೆ ಜಗತ್ತಿನ ನಕ್ಷೆಯಿಟ್ಟು ಉಕ್ರೇನ್ ತೋರಿಸಿ ಎಂದರು. ಸರಿಯಾಗಿ ತೋರಿಸಿದವರು ಆರರಲ್ಲಿ ಒಬ್ಬರು. ಕೆಲವರ ಬೆರಳು ಬೇರೆ ಖಂಡಕ್ಕೇ ಹೋಗಿತ್ತು. ಗುರುತು ನಿಜವಾದ ಜಾಗದಿಂದ ದೂರವಾದಷ್ಟೂ ಅಮೆರಿಕ ಸೇನೆ ಕಳಿಸಲಿ ಎನ್ನುವ ಒಲವು ಹೆಚ್ಚಿತ್ತು. ತಿಳಿಯದ್ದರಿಂದಲೇ ಯುದ್ಧ ಬೇಕೆಂದರು ಅಂತ ಇದರಿಂದ ಸಾಬೀತಾಗುವುದಿಲ್ಲ, ಆದರೂ ನಿದ್ದೆಗೆಡಿಸುವ ನಂಟು.

ಅಗ್ರಬಾಕ್ಕೆ ಮರಳಿದರೆ, ಮೇಲಿನ ಅಂಕಿಗಳನ್ನು ಕೂಡಿ ನೂರರಿಂದ ಕಳೆಯಿರಿ. ರಿಪಬ್ಲಿಕನ್ನರಲ್ಲಿ ಶೇ 57, ಡೆಮಾಕ್ರಟರಲ್ಲಿ ಶೇ 45 ಮಂದಿ ಎರಡೂ ಹೇಳಿರಲಿಲ್ಲ. ‘ಗೊತ್ತಿಲ್ಲ’ ಎಂದ ಆ ದೊಡ್ಡ ಗುಂಪಿನ ಸುದ್ದಿಯನ್ನು ಯಾರೂ ತಲೆಬರಹಕ್ಕೆ ಏರಿಸಿದ್ದು ನಾನು ಕಾಣೆ.